ಬೆರಳಿಗೆ ಬೆಲೆ ಕಟ್ಟಿದರು, ಬೆಲ್ಟಿಗೆ ಬೇಲಿ ಕಟ್ಟಲಿಲ್ಲ

ಕಿರಾಣಿ ಅಂಗಡಿಯಲ್ಲಿ ಬೇಳೆಗೆ ಇಷ್ಟು, ಬೆಲ್ಲಕ್ಕೆ ಇಷ್ಟು ಎಂದು ದರ ಬರೆದು ತೂಗುಹಾಕಿರುತ್ತಾರೆ. ನಮ್ಮ ದೇಶದ ಶಾಸನದಲ್ಲಿಯೂ ಅಂಥದೇ ಒಂದು ದರಪಟ್ಟಿ ಉಂಟು. ಅದು ಕೂಲಿಕಾರನ ಅವಯವಗಳ ದರಪಟ್ಟಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14. ನಡುಬೆರಳಿಗೆ 12. ಉಂಗುರದ ಬೆರಳಿಗಾಗಲಿ ಕಿರುಬೆರಳಿಗಾಗಲಿ 7. ಒಂದು ಕಣ್ಣು ಹೋಗಿ ಇನ್ನೊಂದು ನೆಟ್ಟಗಿದ್ದರೆ 40. 1923ರ ಪರಿಹಾರ ಶಾಸನದ ಅನುಬಂಧದಲ್ಲಿ ಬೆಳೆದುಬಂದ ಈ ಪಟ್ಟಿಯನ್ನು 1948ರ ವಿಮಾ ಶಾಸನವೂ ಒಪ್ಪಿಕೊಂಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿತು.

ಈ ಪಟ್ಟಿಯನ್ನು ಹರಿದು ಬಿಸಾಡಿರೆಂದು ನಾವು ಹೇಳುವವರಲ್ಲ. ಬೆರಳು ಹೋದವನ ಮನೆಯಲ್ಲಿ ಒಲೆ ಉರಿಯಬೇಕು. ಪರಿಹಾರವೆಂಬುದು ಮಾಲಿಕರ ದಾನವಲ್ಲ, ದುಡಿಯುವ ವರ್ಗವು ಹೋರಾಡಿ ಪಡೆದ ಹಕ್ಕು. ಆದರೆ ನಾವು ಕೇಳುವ ಪ್ರಶ್ನೆ ಬೇರೆ. ಬೆರಳು ಹೋದ ಮೇಲೆ ಎಷ್ಟೆಂದು ಹೇಳುವ ಪಟ್ಟಿ ಉಂಟು. ಬೆರಳು ಹೋಗದ ಹಾಗೆ ಬೆಲ್ಟಿಗೆ ಬೇಲಿ ಹಾಕದ ಮಾಲಿಕನು ಪ್ರತಿ ತಿಂಗಳೂ ಎಷ್ಟು ಹೆಚ್ಚು ತೆರಬೇಕೆಂದು ಹೇಳುವ ಪಟ್ಟಿ ಎಲ್ಲಿದೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನೇ ನಾವು ಇಷ್ಟು ವರ್ಷ ಕಾರ್ಮಿಕ ರಕ್ಷಣೆಯೆಂದು ಕರೆಯುತ್ತ ಬಂದಿದ್ದೇವೆ.

ಎರಡು ಗಿರಣಿ, ಒಂದೇ ವಂತಿಗೆ

ಓದುಗರು ಒಂದು ರಸ್ತೆಯಲ್ಲಿ ಅಕ್ಕಪಕ್ಕ ಇರುವ ಎರಡು ಅಕ್ಕಿ ಗಿರಣಿಗಳನ್ನು ಕಲ್ಪಿಸಿಕೊಳ್ಳಲಿ. ಒಂದರಲ್ಲಿ ಬೆಲ್ಟು, ಪುಲ್ಲಿ, ಗಾಲಿಗಳಿಗೆಲ್ಲ ಜಾಲರಿ ಹಾಕಿದೆ. ಎಲಿವೇಟರಿನ ಗುಂಡಿಗೆ ಮುಚ್ಚಳವಿದೆ. ಎಣ್ಣೆ ಬಿಡುವಾಗ ಯಂತ್ರ ನಿಲ್ಲಿಸುತ್ತಾರೆ. ಇನ್ನೊಂದರಲ್ಲಿ ಬೆಲ್ಟು ಬಯಲಿಗೆ ತಿರುಗುತ್ತದೆ, ಗುಂಡಿಯ ಬಾಯಿಗೆ ಗೋಣಿತಟ್ಟು ಹಾಸಿದೆ, ಓಡುವ ಯಂತ್ರಕ್ಕೇ ಕೈಹಾಕಿ ಕಸ ತೆಗೆಯಬೇಕು. ಇಬ್ಬರು ಮಾಲಿಕರೂ ಇ.ಎಸ್.ಐ.ಗೆ ಕಟ್ಟುವ ವಂತಿಗೆ ಎಷ್ಟು? 2019ರ ಜುಲೈಯಲ್ಲಿ ಗೊತ್ತುಪಡಿಸಿದ ದರದಂತೆ ಮಜೂರಿಯ ನೂರಕ್ಕೆ 3.25. ಜಾಲರಿ ಹಾಕಿದವನಿಗೂ ಅಷ್ಟೇ, ಹಾಕದವನಿಗೂ ಅಷ್ಟೇ. ಅದಕ್ಕೆ ಮೊದಲು ಮಾಲಿಕನ ಪಾಲು 4.75 ಇತ್ತು. ಒಂದೂವರೆ ರೂಪಾಯಿ ಇಳಿಸುವಾಗಲಾದರೂ, ಯಂತ್ರಕ್ಕೆ ಬೇಲಿ ಹಾಕಿದವನಿಗೆ ಮಾತ್ರ ಈ ರಿಯಾಯಿತಿ ಎಂದು ಸರಕಾರ ಹೇಳಬಹುದಿತ್ತು. ಹೇಳಲಿಲ್ಲ. ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ಸಮ ಹಂಚಿತು. ಹೀಗಿರುವಾಗ ಜಾಲರಿಗೆ ಹಣ ಹಾಕಿದ ಮಾಲಿಕನೇ ಪೆದ್ದ, ಹಾಕದವನೇ ಜಾಣ ಎಂದಾಗುವುದಿಲ್ಲವೇ?

ಕೆಲಸದಲ್ಲಿ ಆಗುವ ಗಾಯಕ್ಕೆಂದೇ ಬೇರೆ ನಿಧಿಯೂ ಇಲ್ಲ. ಜ್ವರಕ್ಕೆ, ಹೆರಿಗೆಗೆ, ಗಾಯಕ್ಕೆ, ಸಾವಿಗೆ ಎಲ್ಲಕ್ಕೂ ಒಂದೇ ಹುಂಡಿ. ಆ ಹುಂಡಿಗೆ ಕೂಲಿಕಾರನೂ ತನ್ನ ಮಜೂರಿಯ ನೂರಕ್ಕೆ 0.75 ಹಾಕುತ್ತಾನೆ. ಎಂದರೆ ಮಾಲಿಕನ ಬೆಲ್ಟು ಕಚ್ಚಿದ ಬೆರಳಿನ ಪರಿಹಾರದಲ್ಲಿ ಬೆರಳಿನ ಒಡೆಯನ ಕಾಸೂ ಕೂಡಿರುತ್ತದೆ!

ಕಾರ್ಮಿಕರ ರಾಜ್ಯ ವಿಮಾ ಯೋಜನೆಯನ್ನು ನಾವು ಹಳಿಯುತ್ತಿಲ್ಲ. 1944ರಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರರು ಕೊಟ್ಟ ವರದಿಯ ಮೇಲೆ ಎದ್ದು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಆರಂಭವಾದ ಈ ಯೋಜನೆಯು ಲಕ್ಷಾಂತರ ಸಂಸಾರಗಳನ್ನು ಬೀದಿಗೆ ಬೀಳದ ಹಾಗೆ ಹಿಡಿದಿದೆ. ಗಾಯಗೊಂಡು ಮಲಗಿದವನಿಗೆ ಮಜೂರಿಯ ನೂರಕ್ಕೆ 90ರಂತೆ ಕೊಡುವ ಏರ್ಪಾಡು ಸಣ್ಣದಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕೂತ ವಿಮೆಯು ಗಿರಣಿಯ ಬಾಗಿಲನ್ನು ಏಕೆ ತಟ್ಟುವುದಿಲ್ಲ ಎಂಬುದೇ ನಮ್ಮ ತಕರಾರು.

1966ರಲ್ಲಿ ಕಿತ್ತುಹಾಕಿದ ಕಲಮು

ಒಂದು ಕಾಲದಲ್ಲಿ ಶಾಸನಕ್ಕೆ ಈ ವಿವೇಕ ಇತ್ತು. 1948ರ ಶಾಸನದ 66ನೇ ಕಲಮು ಹೀಗೆ ವಿಧಿಸಿತ್ತು: ಸುರಕ್ಷತೆಯ ನಿಯಮಗಳನ್ನು ಪಾಲಿಸದ ಮಾಲಿಕನ ಅಲಕ್ಷ್ಯದಿಂದ ಗಾಯವಾದರೆ, ಆ ಕೂಲಿಕಾರನಿಗೆ ಮುಂದೆ ಕೊಡಬೇಕಾಗುವ ಮೊತ್ತದ ಒಟ್ಟು ಇಂದಿನ ಬೆಲೆಯನ್ನು ನಿಗಮವು ಆ ಮಾಲಿಕನಿಂದ ವಸೂಲು ಮಾಡಬಹುದು. ಕೂಲಿಕಾರನಿಗೆ ನಿಗಮ ಕೊಡಲಿ, ತಪ್ಪು ಮಾಡಿದವನಿಂದ ನಿಗಮ ಕೀಳಲಿ ಎಂಬ ನೇರವಾದ ನ್ಯಾಯ ಅದು. 1966ರ ತಿದ್ದುಪಡಿ ಆ ಕಲಮನ್ನು ಕಿತ್ತುಹಾಕಿತು.

ಅದೇ ಶಾಸನದ 53ನೇ ಕಲಮು ಕೂಲಿಕಾರನಿಗೆ ಏನೆಂದಿತು? ನಿನಗೆ ವಿಮೆ ಉಂಟು. ಆದ್ದರಿಂದ ಈ ಗಾಯಕ್ಕಾಗಿ ಬೇರಾವ ಶಾಸನದ ಕೆಳಗೂ ಮಾಲಿಕನಿಂದ ಪರಿಹಾರ ಕೇಳಕೂಡದು ಎಂದಿತು. ಎರಡನ್ನೂ ಕೂಡಿಸಿ ನೋಡಿರಿ. ಗಾಯಗೊಂಡವನು ಪರಿಹಾರ ಕೇಳಲು ಬಾರದು. ಕೇಳಬಹುದಾಗಿದ್ದ ನಿಗಮದ ಕೈಯನ್ನೂ 1966ರಲ್ಲಿ ಕಟ್ಟಿದರು. ನೂರಕ್ಕೆ ಇಷ್ಟೆಂದು ವಂತಿಗೆ ಕಟ್ಟಿದ ಮಾಲಿಕನು ಹಾಯಾಗಿ ಮಲಗಬಹುದು. ಕೂಲಿಕಾರನ ಕೈಗೆ ವಿಮೆ ಎಂದು ಹೆಸರಿಟ್ಟು, ಮಾಲಿಕನ ಅಲಕ್ಷ್ಯಕ್ಕೆ ವಿಮೆ ಮಾಡಿಸಿದಂತಾಯಿತು.

ಕಾರ್ಖಾನೆ ಕಾಯಿದೆ ಇಲ್ಲವೇ, ಮೊಕದ್ದಮೆ ಹೂಡಬಹುದಲ್ಲ ಎಂದು ಕೇಳುವವರಿಗೆ ಉತ್ತರ ಹೇಳಬೇಕು. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮು ಚಲಿಸುವ ಅಪಾಯಕರ ಭಾಗಗಳಿಗೆ ಭದ್ರವಾದ ಬೇಲಿ ಇರಲೇಬೇಕೆಂದಿತು. ಬೇಲಿಯ ಲೋಪದಿಂದ ಸಾವು ಸಂಭವಿಸಿದರೆ ದಂಡ 25,000 ರೂಪಾಯಿಗೆ ಕಡಿಮೆ ಇರಕೂಡದೆಂದೂ, ತೀವ್ರ ಗಾಯವಾದರೆ 5,000ಕ್ಕೆ ಕಡಿಮೆ ಇರಕೂಡದೆಂದೂ ತಿದ್ದುಪಡಿ ಆಯಿತು. 2020ರ ಸುರಕ್ಷತಾ ಸಂಹಿತೆ ಇದನ್ನು ಸಾವಿಗೆ 5 ಲಕ್ಷಕ್ಕೆ, ತೀವ್ರ ಗಾಯಕ್ಕೆ 2 ಲಕ್ಷಕ್ಕೆ ಏರಿಸಿದೆ. ಏರಿಸಿದ್ದು ಒಳ್ಳೆಯದೇ. ಆದರೆ ಗಮನಿಸಿರಿ, ಇದೂ ಹೆಣ ಬಿದ್ದ ಮೇಲಿನ ಲೆಕ್ಕ. ಪರಿಹಾರ, ದಂಡ ಎರಡೂ ಅಪಘಾತದ ಹಿಂದೆ ನಡೆದು ಬರುತ್ತವೆ. ಅಪಘಾತದ ಮುಂದೆ ಹೋಗಿ ನಿಲ್ಲುವ ಕಾವಲುಗಾರ ಯಾರು?

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಪಘಾತವಾದ ಕೂಡಲೇ ಗಿರಣಿಯ ಕಚೇರಿಯಿಂದ ಬರುವ ಮೊದಲ ಮಾತು ಒಂದೇ: ಕೂಲಿಕಾರನ ಅಜಾಗರೂಕತೆ. ಪಂಚೆ ಸಡಿಲ ಉಟ್ಟಿದ್ದ, ಮಾತಾಡುತ್ತ ನಿಂತಿದ್ದ, ಗಾರ್ಡು ತಾನೇ ಬಿಚ್ಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ ಇದು.

ಗಾರ್ಡು ಬಿಚ್ಚಿದ್ದು ನಿಜವಿರಬಹುದು. ಏಕೆ ಬಿಚ್ಚಿದ? ಚೀಲಕ್ಕಿಷ್ಟು, ಗಜಕ್ಕಿಷ್ಟು ಎಂದು ತುಂಡುಗೂಲಿ ಇಟ್ಟವರು ಯಾರು? ಗಾರ್ಡು ಹಾಕಿದರೆ ಕಸ ತೆಗೆಯಲು ಹತ್ತು ನಿಮಿಷ ಹಿಡಿಯುವ ಹಾಗೆ, ಆ ಹತ್ತು ನಿಮಿಷದ ಕೂಲಿ ಮುರಿಯುವ ಹಾಗೆ ಏರ್ಪಾಡು ಮಾಡಿದವರು ಯಾರು? 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆಯೇ ಕಾರ್ಖಾನೆ ಕಾಯಿದೆ ತಿದ್ದಿ, ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ತಾಸಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 145ಕ್ಕೆ ಏರಿಸಿತು. ಹನ್ನೊಂದನೆಯ ತಾಸಿನಲ್ಲಿ ತೂಕಡಿಸಿದ ಕಣ್ಣನ್ನು ಅಜಾಗರೂಕತೆ ಎನ್ನುವಿರಾ, ಆಯಾಸ ಎನ್ನುವಿರಾ? ಮನುಷ್ಯ ಒಮ್ಮೆ ಮರೆಯುತ್ತಾನೆ, ಒಮ್ಮೆ ಜಾರುತ್ತಾನೆ. ಜಾರಿದವನ ಕೈ ಹೋಗದ ಹಾಗೆ ಯಂತ್ರವನ್ನು ಕಟ್ಟುವುದೇ ಸುರಕ್ಷತೆ. ಅಪಾಯವನ್ನೇ ತೆಗೆಯುವುದು ಮೊದಲು. ಆಗದಿದ್ದರೆ ಅದಕ್ಕೆ ಬೇಲಿ ಹಾಕುವುದು. ಕೈಚೀಲ, ಕನ್ನಡಕ, ಶಿರಸ್ತ್ರಾಣ ಕಡೆಯವು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಗೋಡೆಗೆ ಒಂದು ಎಚ್ಚರಿಕೆಯ ಹಲಗೆ ಹೊಡೆದು, ಒಂದು ಜೊತೆ ಕೈಚೀಲ ಹಂಚಿ ಕೈ ತೊಳೆದುಕೊಳ್ಳುತ್ತಾರೆ.

ಇದು ಹೊಸ ವಾದವೂ ಅಲ್ಲ. ಇಂಗ್ಲೆಂಡಿನಲ್ಲಿ 1844ರ ಕಾರ್ಖಾನೆ ಶಾಸನ ಯಂತ್ರಗಳಿಗೆ ಬೇಲಿ ಹಾಕಿರೆಂದಿತು. ಮೇಲೆ ತಿರುಗುವ ದಂಡಕ್ಕೂ ಬೇಲಿ ಬೇಕೆಂದು ಪರಿವೀಕ್ಷಕರು ಪಟ್ಟು ಹಿಡಿದಾಗ, 1855ರಲ್ಲಿ ಗಿರಣಿ ಮಾಲಿಕರು ಅದನ್ನು ಎದುರಿಸಲೆಂದೇ ಒಂದು ಸಂಘ ಕಟ್ಟಿಕೊಂಡರು. ಚಾರ್ಲ್ಸ್ ಡಿಕನ್ಸನು ನಡೆಸುತ್ತಿದ್ದ ವಾರಪತ್ರಿಕೆ ಆ ಸಂಘವನ್ನು ಕೂಲಿಕಾರರ ಅಂಗಚ್ಛೇದ ಮಾಡುವ ಹಕ್ಕನ್ನು ಕಾಪಾಡುವ ಸಂಘವೆಂದು ಹಂಗಿಸಿತು. ಖರ್ಚು ಹೆಚ್ಚು, ಗಿರಣಿ ಮುಚ್ಚಬೇಕಾದೀತು, ತಪ್ಪು ಕೂಲಿಕಾರನದು: ಅಂದಿನ ಮೂರು ಮಾತುಗಳೇ ಇಂದಿಗೂ ಮೂರು ಮಾತುಗಳು.

ಖರ್ಚಿನ ಮಾತು ಎಷ್ಟು ನಿಜವೆಂಬುದಕ್ಕೆ ಹತ್ತಿ ಗಿರಣಿಗಳೇ ಸಾಕ್ಷಿ. ಹತ್ತಿಯ ಧೂಳು ಎದೆಗೆ ಸೇರಿ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ಹತ್ತಿ ಬಿಡಿಸುವ ಬ್ಲೋ ರೂಮಿನಲ್ಲಿಯೂ ಕಾರ್ಡಿಂಗಿನಲ್ಲಿಯೂ ದುಡಿದವರಿಗೆ ಇದರ ಗುರುತು ಗೊತ್ತು. ಭಾನುವಾರ ರಜೆ ಮುಗಿಸಿ ಸೋಮವಾರ ಗಿರಣಿಗೆ ಬಂದರೆ ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಮೊದಮೊದಲು ಸೋಮವಾರಕ್ಕೆ ಮಾತ್ರ. ವರ್ಷಗಳು ಹೋದಂತೆ ಮಂಗಳವಾರ, ಬುಧವಾರ. ಕಡೆಗೆ ವಾರಕ್ಕೆ ಏಳೂ ದಿನ ಸೋಮವಾರವೇ. ಅಮೆರಿಕದ ಸರಕಾರ 1978ರಲ್ಲಿ ಹತ್ತಿಧೂಳಿಗೆ ಕಟ್ಟುನಿಟ್ಟಾದ ಮಿತಿ ಹಾಕಿದಾಗ ಅಲ್ಲಿನ ಮಾಲಿಕರು ಹಾಳಾದೆವೆಂದು ಕೂಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1981ರಲ್ಲಿ ಅವರು ಸೋತರು. ಆಮೇಲೆ ಆದದ್ದೇನು? ಧೂಳು ಹೀರುವ ಹೊಸ ಯಂತ್ರಗಳು ಬಂದವು, ಮೊದಲು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಿತು, ಉತ್ಪಾದನೆ ಹೆಚ್ಚಿತು, ರೋಗ ಇಳಿಯಿತು.

ನಮ್ಮ ಶಾಸನದಲ್ಲಿಯೂ ಬಿಸಿನೋಸಿಸ್ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದರೆ ಸಾಲದು. ಕೆಮ್ಮುತ್ತ ಬಂದವನನ್ನು, ಅಪ್ಪಾ ನೀನು ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದೆ ಎಂದು ಕೇಳುವ ವೈದ್ಯ ಬೇಕು. ಕೇಳದಿದ್ದರೆ ಅದು ಬೀಡಿ ಕೆಮ್ಮು, ಇಲ್ಲವೇ ಕ್ಷಯ ಎಂದು ಬರೆದು ಮುಗಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಲೋಕದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ದುಡಿಮೆಗಾರರು ದುಡಿಮೆಯ ಕಾರಣದಿಂದ ಸಾಯುತ್ತಾರೆ. ಅವರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3 ಲಕ್ಷ 30 ಸಾವಿರ. ಉಳಿದ 26 ಲಕ್ಷ ಮಂದಿಯನ್ನು ಕೊಲ್ಲುವುದು ರೋಗ. ರಕ್ತ ಕಾಣದ ಈ ಸಾವುಗಳಿಗೆ ಪಂಚನಾಮೆಯೂ ಇಲ್ಲ, ಸುದ್ದಿಯೂ ಇಲ್ಲ.

ಭೋಪಾಲದಿಂದ ವಿಜಯಪುರದವರೆಗೆ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹರಿದದ್ದನ್ನು ಯಾರು ಮರೆತಾರು? ಅನಿಲದ ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ರಿಪೇರಿಗೆಂದು ಬಿಚ್ಚಿತ್ತು. ಅನಿಲವನ್ನು ತೊಳೆಯುವ ಸಾಧನವೂ ಸಿದ್ಧವಿರಲಿಲ್ಲ. ಅಷ್ಟೇ ಅಲ್ಲ. ಮೂರು ವರ್ಷ ಮೊದಲೇ, 1981ರಲ್ಲಿ, ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲ ತಗುಲಿ ಒಬ್ಬ ಕೂಲಿಕಾರ ಸತ್ತಿದ್ದ. ಆ ಒಂದು ಸಾವಿಗೆ ಕಿವಿಗೊಟ್ಟಿದ್ದರೆ ಸಾವಿರಾರು ಸಾವು ತಪ್ಪುತ್ತಿದ್ದವು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಆ ಹಣ ಯಾವ ಎದೆಗೂ ಉಸಿರು ಮರಳಿ ತರಲಿಲ್ಲ.

ದೂರದ ಮಾತೇಕೆ? 2023ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ವಿಜಯಪುರದಲ್ಲಿಯೇ, ಮೆಕ್ಕೆಜೋಳದ ಭಾರೀ ದಾಸ್ತಾನು ಕುಸಿದು ಬಿದ್ದು ಬಿಹಾರದಿಂದ ಬಂದ ಏಳು ಮಂದಿ ಕೂಲಿಕಾರರು ಅದರಡಿಯಲ್ಲಿ ಸತ್ತರು. ಅನ್ನ ಹುಡುಕಿ ಬಂದವರು ಕಾಳಿನ ಕೆಳಗೆ ಉಸಿರುಗಟ್ಟಿದರು. ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ದಾಸ್ತಾನಿನ ಭಾರವನ್ನು ಅದನ್ನು ಹೊತ್ತ ಕಟ್ಟಡ ತಡೆದೀತೇ ಎಂದು ಡಿಸೆಂಬರಿಗೆ ಮೊದಲು ನೋಡಲು ಬರುವುದು ಯಾರ ಕರ್ತವ್ಯವಾಗಿತ್ತು?

ಈಗಂತೂ ನೋಡಲು ಬರುವವರ ಸ್ವರೂಪವೇ ಬದಲಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಗಳು ಪರಿವೀಕ್ಷಕನನ್ನು ಪರಿವೀಕ್ಷಕ ಹಾಗೂ ಸೌಕರ್ಯದಾತ ಎಂದು ಕರೆಯುತ್ತವೆ. ಯಾರಿಗೆ ಸೌಕರ್ಯ? ವಿದ್ಯುತ್ತಿನಿಂದ ನಡೆಯುವಲ್ಲಿ 10 ಮಂದಿ ಇದ್ದರೆ ಕಾರ್ಖಾನೆ ಎಂದು 1948ರ ಕಾಯಿದೆ ಹೇಳಿತ್ತು; ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. 10ರಿಂದ 19 ಜನರಿರುವ ಅಕ್ಕಿ ಗಿರಣಿ, ಹತ್ತಿ ಜಿನ್ನು, ಎಣ್ಣೆ ಗಿರಣಿಗಳು ಕಾರ್ಖಾನೆ ಎಂಬ ಹೆಸರಿನಿಂದಲೇ ಹೊರಬಿದ್ದು, ಸಂಸ್ಥೆ ಎಂಬ ಸಾಮಾನ್ಯ ಹೆಸರಿನ ಕೆಳಗೆ ಉಳಿದವು. ಜಿಲ್ಲೆಯ ಊರುಗಳಲ್ಲಿ ಬೆಲ್ಟು ತಿರುಗುವುದು ಇಂಥ ಕಡೆಗಳಲ್ಲಿಯೇ. ಪರಿವೀಕ್ಷಕನು ಮುಂಚಿತವಾಗಿ ತಿಳಿಸದೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಒಳಹೋಗಬಹುದು ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1949ರಲ್ಲಿ. ಆ ಮಾತಿಗೆ ಸರಕಾರ ಬದ್ಧವಾಗಿರಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ಬೇರೆ ದಾರಿ ಉಂಟು

ಇದು ಬಂಡವಾಳಗಾರರಿಗೆ ಅರ್ಥವಾಗದ ಸಮಾಜವಾದೀ ಕನಸು ಎಂದು ಯಾರೂ ಮೂಗು ಮುರಿಯಬಾರದು. ಜರ್ಮನಿಯಲ್ಲಿ 1884ರಲ್ಲಿ ಅಪಘಾತ ವಿಮೆಯ ಶಾಸನ ತಂದವನು ಬಿಸ್ಮಾರ್ಕ್. ಅವನು ನಮ್ಮವನಲ್ಲ. ಸಮಾಜವಾದಿಗಳನ್ನು ನಿಷೇಧಿಸಿದವನು, ಕೂಲಿಕಾರರು ಕೆಂಪು ಬಾವುಟದ ಕೆಳಗೆ ಹೋಗದಿರಲೆಂದೇ ವಿಮೆ ಕೊಟ್ಟವನು. ಆದರೂ ಆ ಏರ್ಪಾಡಿನಲ್ಲಿ ಮೂರು ಗುಣಗಳು ಬೆಳೆದು ನಿಂತವು.

ಒಂದು, ಅಪಘಾತ ವಿಮೆಯ ಪೂರ್ತಿ ಖರ್ಚು ಮಾಲಿಕರದು. ಕೂಲಿಕಾರ ಕಾಸು ಕೊಡುವುದಿಲ್ಲ. ಎರಡು, ಎಲ್ಲರಿಗೂ ಒಂದೇ ದರವಲ್ಲ. ಯಾವ ಕಸುಬಿನಲ್ಲಿ ಅಪಾಯ ಹೆಚ್ಚೋ ಆ ಕಸುಬಿಗೆ ದರ ಹೆಚ್ಚು. ಅದೇ ಕಸುಬಿನಲ್ಲಿ ಯಾರ ಕಾರ್ಖಾನೆಯಲ್ಲಿ ಅಪಘಾತ ಹೆಚ್ಚೋ ಅವನಿಗೆ ಮೇಲುದರ, ಕಡಿಮೆ ಇದ್ದವನಿಗೆ ರಿಯಾಯಿತಿ. ಮೂರು, ಆ ವಿಮಾ ಸಂಘಗಳಿಗೆ ತಮ್ಮದೇ ಪರಿವೀಕ್ಷಕರು, ತಮ್ಮದೇ ಇಂಜಿನಿಯರುಗಳು ಉಂಟು. ಅಪಘಾತವನ್ನು ತಡೆಯುವುದೇ ಅವುಗಳ ಮೊದಲ ಕರ್ತವ್ಯ. ತಡೆಯಲಾಗದಿದ್ದಲ್ಲಿ ಗುಣಪಡಿಸಿ ಕೆಲಸಕ್ಕೆ ಮರಳಿಸುವುದು. ಪರಿಹಾರ ಕೊಡುವುದು ಕಡೆಯದು. ಈ ಸಂಘಗಳ ಆಡಳಿತದಲ್ಲಿ ಮಾಲಿಕರೂ ಕಾರ್ಮಿಕರೂ ಸಮಸಮವಾಗಿ ಕೂರುತ್ತಾರೆ.

ಫಲವೇನು? ಪಶ್ಚಿಮ ಜರ್ಮನಿಯಲ್ಲಿ 1960ರ ಸುಮಾರಿಗೆ ಸಾವಿರ ದುಡಿಮೆಗಾರರಿಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಅಪಘಾತಗಳು ದಾಖಲಾಗುತ್ತಿದ್ದವು. ಜರ್ಮನಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಅದು ಇಪ್ಪತ್ತರ ಆಸುಪಾಸಿಗೆ ಇಳಿದಿದೆ. ಇದೆಲ್ಲ ವಿಮೆಯೊಂದರಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಕಲ್ಲಿದ್ದಲ ಗಣಿಗಳು ಮುಚ್ಚಿದವು, ಯಂತ್ರಗಳು ಸುಧಾರಿಸಿದವು, ಕಾರ್ಮಿಕ ಸಂಘಗಳು ಬಲವಾಗಿದ್ದವು. ಆದರೆ ಅಪಘಾತ ಹಣೆಬರಹವಲ್ಲ, ಅದನ್ನು ಇಳಿಸಬಹುದು, ಇಳಿಸಲು ಒಂದು ತಲೆಮಾರಿನ ಕಾಲ ಪಟ್ಟಾಗಿ ದುಡಿಯಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು

ಇದು ಗಿರಣಿಯವರ ಜಗಳ, ನಮಗೇನು ಎಂದು ಅಂಗಡಿಯ ಬಂಧುಗಳು ಪುಟ ತಿರುವಬಾರದು. ಕೈ ಕಳೆದುಕೊಂಡವನ ಮನೆಯ ಉದ್ದರಿ ಯಾರ ಪುಸ್ತಕದಲ್ಲಿರುತ್ತದೆ? ನಿಮ್ಮ ಪುಸ್ತಕದಲ್ಲಿ. ಆ ಮನೆಗೆ ಅಕ್ಕಿ ಕೊಡುವುದನ್ನು ನಿಲ್ಲಿಸಲು ಮನಸ್ಸು ಬಾರದು, ಕೊಟ್ಟರೆ ತೀರದು.

ನಿಮ್ಮಲ್ಲಿ ಹಲವರು ಮಾಲಿಕರೂ ಹೌದು. ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಮರ ಕೊಯ್ಯುವ ಮಿಲ್ಲು, ಮಂಡಕ್ಕಿ ಭಟ್ಟಿ ಇಟ್ಟುಕೊಂಡು ಇಬ್ಬರು ಮೂವರನ್ನು ದುಡಿಸುವವರು. ನಿಮ್ಮಲ್ಲಿ ಇ.ಎಸ್.ಐ. ಇಲ್ಲದಿದ್ದರೆ ಪರಿಹಾರದ ಹೊಣೆ ನೇರವಾಗಿ ನಿಮ್ಮ ತಲೆಯ ಮೇಲೆ. 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ತಿಂಗಳ ಮಜೂರಿಯ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಆ ಲೆಕ್ಕದಂತೆ, ತಿಂಗಳಿಗೆ 15,000 ದುಡಿಯುವ 25 ವರ್ಷದ ಹುಡುಗ ಕೆಲಸದಲ್ಲಿ ಸತ್ತರೆ ಮಜೂರಿಯ ಅರ್ಧವನ್ನು 216.91ರಿಂದ ಗುಣಿಸಬೇಕು. ಮೊತ್ತ 16,26,825 ರೂಪಾಯಿ. ಆ ಹುಡುಗನ ತಾಯಿಗೆ ಇದು ಹೆಚ್ಚೆಂದು ಯಾರೂ ಹೇಳಲಾರರು. ಆದರೆ ನಿಮ್ಮ ಅಂಗಡಿ ಮಾರಿದರೂ ಈ ಮೊತ್ತ ಹುಟ್ಟುವುದೇ? ಅಂಗಡಿಯೂ ಹೋಗುತ್ತದೆ, ಆ ತಾಯಿಗೂ ಹಣ ಸೇರುವುದಿಲ್ಲ. ದೊಡ್ಡ ಗಿರಣಿಯ ಮಾಲಿಕನಿಗೆ ನಿಗಮದ ಕೊಡೆ ಉಂಟು. ನೀವು ಬಯಲಲ್ಲಿ ನಿಂತಿದ್ದೀರಿ.

ಆದ್ದರಿಂದ ಎರಡು ಕೆಲಸ ಮಾಡಿರಿ. ಹತ್ತಕ್ಕೆ ಕಡಿಮೆ ಜನರಿರುವಲ್ಲಿಯೂ ಮಾಲಿಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಇ.ಎಸ್.ಐ.ಗೆ ಸೇರಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಅದನ್ನು ಕೇಳಿ ಪಡೆಯಿರಿ. ಜೊತೆಗೆ ನಿಮ್ಮ ವರ್ತಕರ ಸಂಘಗಳು, ಪತ್ತಿನ ಸಹಕಾರ ಸಂಘಗಳು ಗಾರ್ಡಿಗೆ, ಹೊಗೆ ಎಳೆಯುವ ಫ್ಯಾನಿಗೆ, ಒಳ್ಳೆಯ ವಿದ್ಯುತ್ ಸ್ವಿಚ್ಚಿಗೆ ಕಡಿಮೆ ಬಡ್ಡಿಯ ಸಾಲ ಕೊಡಲಿ. ಒಂದು ಬೆಲ್ಟಿಗೆ ಜಾಲರಿ ಹೊಂದಿಸಲು ಊರಿನ ಯಾವ ವೆಲ್ಡರನೂ ಬಲ್ಲ. ಅದರ ಖರ್ಚನ್ನು 16 ಲಕ್ಷದ ಪಕ್ಕದಲ್ಲಿಟ್ಟು ನೋಡಿರಿ.

ನಮ್ಮ ಕಾರ್ಯಕ್ರಮ

ಒಂದು ದಿನದ ಧರಣಿಯಿಂದ ಆಗುವ ಕೆಲಸ ಇದಲ್ಲ. ಹತ್ತು, ಇಪ್ಪತ್ತು ವರ್ಷ ಹಿಡಿಯುವ ಕೆಲಸ. ಆದ್ದರಿಂದಲೇ ಇಂದು ಆರಂಭಿಸಬೇಕು. ನಾವು ಆಗ್ರಹಪಡಿಸುವುದು ಇವು:

ಮೊದಲು ಲೆಕ್ಕ ಸರಿಯಾಗಲಿ. ನಿಗಮವು ಯಾವ ಕಸುಬಿನಲ್ಲಿ, ಯಾವ ಯಂತ್ರದಿಂದ ಎಷ್ಟು ಗಾಯ, ಎಷ್ಟು ರೋಗ ಎಂಬುದನ್ನು ಜಿಲ್ಲೆವಾರು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಲಿ. ರೋಗ ಹೆಚ್ಚಲು ಮಾಲಿಕನ ಅಲಕ್ಷ್ಯ ಕಾರಣವಾದರೆ ಹೆಚ್ಚುವರಿ ಖರ್ಚನ್ನು ಅವನಿಂದಲೇ ಕೇಳಬಹುದೆಂದು 1948ರ ಶಾಸನದ 69ನೇ ಕಲಮು ಹೇಳಿತ್ತು. ಎಷ್ಟು ಸಲ ಕೇಳಿದರು, ಎಷ್ಟು ವಸೂಲಾಯಿತು? ನಿಗಮ ಉತ್ತರ ಕೊಡಲಿ.

ಎರಡನೆಯದು, 1966ರಲ್ಲಿ ಕಿತ್ತುಹಾಕಿದ ವಸೂಲಾತಿಯ ಅಧಿಕಾರ ಮರಳಿ ಬರಲಿ. ಕೂಲಿಕಾರನಿಗೆ ತಡವಿಲ್ಲದೆ ಪರಿಹಾರ. ಅಲಕ್ಷ್ಯ ಮಾಡಿದವನಿಂದ ಪೂರ್ತಿ ವಸೂಲಿ.

ಮೂರನೆಯದು, ಗಾಯದ ವಿಮೆಗೆ ಬೇರೆ ಲೆಕ್ಕವಿರಲಿ, ಅದರ ವಂತಿಗೆ ಮಾಲಿಕನೊಬ್ಬನದೇ ಆಗಲಿ, ದರ ಅಪಾಯಕ್ಕೆ ತಕ್ಕಂತೆ ಏರಿಳಿಯಲಿ. ಇದರಲ್ಲಿ ಒಂದು ಗುಂಡಿ ಇದೆಯೆಂದು ನಾವು ಬಲ್ಲೆವು. ದರ ಏರೀತೆಂಬ ಭಯಕ್ಕೆ ಮಾಲಿಕರು ಅಪಘಾತವನ್ನೇ ಮುಚ್ಚಿಡುತ್ತಾರೆ. ಕೈಗೆ ನೂರು ಕೊಟ್ಟು ಖಾಸಗಿ ದವಾಖಾನೆಗೆ ಕಳಿಸಿ, ಮನೆಯಲ್ಲಿ ಬಿದ್ದನೆಂದು ಬರೆಸುತ್ತಾರೆ. ಆದ್ದರಿಂದ ಬರೀ ಅಪಘಾತ ಎಣಿಸಿ ದರ ಕಟ್ಟಬಾರದು. ಗಾರ್ಡು ಇದೆಯೇ, ಗಾಳಿಯಲ್ಲಿ ಧೂಳೆಷ್ಟು, ತಾಸೆಷ್ಟು ದುಡಿಸುತ್ತಾರೆ ಎಂಬುದನ್ನು ನೋಡಿ ಕಟ್ಟಬೇಕು. ಮುಚ್ಚಿಟ್ಟ ತಪ್ಪಿಗೆ ಅಪಘಾತಕ್ಕಿಂತ ಹೆಚ್ಚಿನ ದಂಡ ಬೀಳಬೇಕು. ವರದಿ ಮಾಡುವ ಹಕ್ಕು ಕೂಲಿಕಾರನಿಗೂ ಸಂಘಕ್ಕೂ ವೈದ್ಯನಿಗೂ ಇರಬೇಕು.

ನಾಲ್ಕನೆಯದು, ನಿಧಿಯಲ್ಲಿ ಒಂದು ಗೊತ್ತಾದ ಪಾಲು ಅಪಘಾತ ತಡೆಯಲಿಕ್ಕೆಂದೇ ಮೀಸಲಾಗಲಿ. ಆ ಹಣದಿಂದ ನಿಗಮ ತನ್ನದೇ ಇಂಜಿನಿಯರುಗಳನ್ನು ನೇಮಿಸಲಿ. ಇ.ಎಸ್.ಐ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬನ ಚೀಟಿಯ ಮೇಲೆ ಅವನ ಕಸುಬು, ದುಡಿದ ವರ್ಷ ಬರೆಯಲಿ.

ಐದನೆಯದು, ಎಲ್ಲಕ್ಕೂ ಮುಖ್ಯವಾದದ್ದು: ಕೂಲಿಕಾರರೇ ಚುನಾಯಿಸಿದ ಸುರಕ್ಷತಾ ಸಮಿತಿ, ಮತ್ತು ಅಪಾಯ ಕಂಡಾಗ ಯಂತ್ರ ನಿಲ್ಲಿಸುವ ಹಕ್ಕು. ಈಗಿನ ಶಾಸನದಲ್ಲಿ ಅಪಾಯವಿದೆಯೆಂದು ಮಾಲಿಕನಿಗೆ ತಿಳಿಸುವ ಹಕ್ಕು ಉಂಟು. ಬೆಂಕಿ ಬಿದ್ದಿದೆ ಎಂದು ಅರ್ಜಿ ಬರೆಯುವ ಹಕ್ಕಿನ ಹಾಗೆ ಅದು. ಗಂಡಾಂತರ ಕಂಡು ಕೆಲಸ ಬಿಟ್ಟು ಸರಿದವನಿಗೆ ಶಿಕ್ಷೆ ಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ 1981ರಲ್ಲಿಯೇ ನಿರ್ಣಯಿಸಿತು. 2022ರಲ್ಲಿ ಸುರಕ್ಷಿತ ದುಡಿಮೆಯನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಸ್ವಿಚ್ಚಿನ ಮೇಲೆ ಕೂಲಿಕಾರನ ಕೈ ಇಲ್ಲದಿದ್ದರೆ ಉಳಿದ ನಾಲ್ಕೂ ಕಾಗದದ ಮೇಲೆ ಉಳಿಯುತ್ತವೆ.

ಬಂಧುಗಳೇ, ಸರಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ಬೇಡ. ಈ ವಾರವೇ ಪ್ರತಿ ಗಿರಣಿಯಲ್ಲಿ ಇಬ್ಬರು ಕೂತು ಒಂದು ಹಾಳೆ ಬರೆಯಿರಿ. ಯಾವ ಬೆಲ್ಟಿಗೆ ಬೇಲಿ ಇಲ್ಲ, ಯಾವ ಗುಂಡಿಗೆ ಮುಚ್ಚಳವಿಲ್ಲ, ಯಾವ ತಂತಿ ಸುಲಿದಿದೆ, ಯಾರಿಗೆ ಸೋಮವಾರ ಎದೆ ಬಿಗಿಯುತ್ತದೆ. ಅದರ ಒಂದು ಪ್ರತಿ ಮಾಲಿಕನಿಗೆ, ಒಂದು ಪರಿವೀಕ್ಷಕನಿಗೆ, ಒಂದು ಇ.ಎಸ್.ಐ. ಕಚೇರಿಗೆ, ಒಂದು ನಿಮ್ಮ ಸಂಘಕ್ಕೆ. ತಾರೀಖು ಹಾಕಿ, ರಸೀದಿ ಪಡೆಯಿರಿ. ನಾಳೆ ಆ ಬೆಲ್ಟು ಯಾರನ್ನಾದರೂ ಎಳೆದರೆ ಗೊತ್ತಿರಲಿಲ್ಲ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು.

ಮಗ್ಗ ಹೊಸದು ಬಂದೀತು, ಬೆಲ್ಟು ಹೊಸದು ಬಂದೀತು, ಬೆರಳು ಹೊಸದು ಬಾರದು. ಅದಕ್ಕೆ ನೂರಕ್ಕೆ ಎಷ್ಟು ಎಂದು ಚೌಕಾಸಿ ಮಾಡುವ ಕಾಲ ಮುಗಿಯಲಿ. ಕೈ ಹೋದ ಮೇಲಿನ ಹಣಕ್ಕಾಗಿ ನಮ್ಮ ಹಿರಿಯರು ಹೋರಾಡಿದರು. ಕೈ ಉಳಿಸಿಕೊಳ್ಳುವ ಹೋರಾಟ ನಮ್ಮ ಪಾಲಿಗೆ ಬಂದಿದೆ.